ಚುಕ್ಕಿ ಮುಚ್ಚಿದ್ದೇನು?

ಪ್ರಶ್ನೆ: ಮೆಲ್ಬರ್ನ್‌ನಲ್ಲಿರುವ ಮಗ ಹೋದ ಸಲ ಊರಿಗೆ ಬಂದಾಗ ಒಂದು ಚಿತ್ರ ತಂದುಕೊಟ್ಟ. ಆಸ್ಟ್ರೇಲಿಯಾದ ಮರುಭೂಮಿಯ ಮೂಲನಿವಾಸಿಗಳು ಬರೆದದ್ದಂತೆ. ‘ಇದು ಅವರ ಸೃಷ್ಟಿಕಥೆ ಅಮ್ಮಾ’ ಎಂದ. ನನಗೆ ಕಂಡದ್ದು ಲೆಕ್ಕವಿಲ್ಲದಷ್ಟು ಚುಕ್ಕಿ, ನಾಲ್ಕು ಸುಳಿ, ಒಂದಷ್ಟು ಗೀಟು. ಕಥೆ ಎಲ್ಲಿದೆ? ಈ ಚುಕ್ಕಿಗಳೂ ನಮ್ಮ ರಂಗೋಲಿಯಂತೆ ಲೆಕ್ಕ ಹಾಕಿ ಇಟ್ಟವೇ? ಅಂಗಡಿಯಲ್ಲಿ ಸಿಗುವ ಬಣ್ಣದಲ್ಲಿ ಬರೆದದ್ದನ್ನು ಪುರಾತನ ಕಲೆ ಎನ್ನಬಹುದೇ? ಫೋಟೋ ಕಳಿಸಿದ್ದೇನೆ.
— ನಿವೃತ್ತ ಶಿಕ್ಷಕಿ, ಕುಂದಾಪುರ

ಉತ್ತರ: ಫೋಟೋವನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿದೆ. ಕಥೆ ಕಾಣಲಿಲ್ಲವೆಂದು ಬೇಸರ ಮಾಡಿಕೊಳ್ಳಬೇಡಿ. ನಿಮಗೂ ನನಗೂ ಪೂರ್ತಿ ಕಾಣಬಾರದು ಎಂದೇ ಅದರ ಮೇಲೆ ಅಷ್ಟು ಚುಕ್ಕಿ ಬಿದ್ದಿರಬಹುದು. ಆ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು, ಎಲ್ಲರಿಗೂ ತೋರಿಸಲು ಅಡ್ಡಿಯಿಲ್ಲದಷ್ಟನ್ನು ಓದೋಣ.

ನಿಮ್ಮ ಚಿತ್ರದ ನಡುವಿನ ಸುಳಿಯ ಸುತ್ತ ಕುದುರೆ ಲಾಳದಂಥ ನಾಲ್ಕು ಗುರುತುಗಳಿವೆ. ಪ್ರತಿಯೊಂದರ ಪಕ್ಕ ಒಂದು ಗಿಡ್ಡ ಗೀಟು, ಒಂದು ಮೊಟ್ಟೆಯಾಕಾರ. ಇದು ತಿಳಿಯಬೇಕಾದರೆ ಒಂದು ಸಂಜೆ ಮರವಂತೆಗೆ ಹೋಗಿ, ಒಣ ಮರಳಿನ ಮೇಲೆ ಚಕ್ಕಳಮಕ್ಕಳ ಹಾಕಿ ಸ್ವಲ್ಪ ಹೊತ್ತು ಕೂತು, ಎದ್ದು ಹಿಂತಿರುಗಿ ನೋಡಿ. ಮರಳಿನಲ್ಲಿ ಉಳಿದಿರುವುದು ಅದೇ ಲಾಳ. ಅಂದರೆ ಆ ಗುರುತು ಮನುಷ್ಯನದಲ್ಲ, ಮನುಷ್ಯ ಕೂತೆದ್ದ ಜಾಗದ್ದು. ಪಕ್ಕದ ಗೀಟು ನೆಲ ಅಗೆಯುವ ಕೋಲು, ಮೊಟ್ಟೆಯಾಕಾರದ್ದು ಮರದ ಮರಿಗೆ. ಕೋಲು, ಮರಿಗೆ ಇದ್ದರೆ ಹೆಂಗಸರು. ಈಟಿ ಇದ್ದರೆ ಗಂಡಸರು. ಬಾಣದ ತುದಿಯಂಥ ಮೂರು ಗೆರೆ ಎಮು ಹಕ್ಕಿಯ ಹೆಜ್ಜೆ. ಎರಡು ಉದ್ದ ಗುರುತಿನ ನಡುವೆ ಒಂದು ಎಳೆ ಹರಿದಿದ್ದರೆ ಕಾಂಗರೂ, ಆ ಎಳೆ ಅದರ ಬಾಲ ಎಳೆದದ್ದು. ಎಲ್ಲವೂ ಮೇಲಿನಿಂದ ಬಗ್ಗಿ ನೋಡಿದ ನೋಟ. ನೆಲದ ಮೇಲಿನ ಗುರುತು ಓದಿ ಹೊಟ್ಟೆ ಹೊರೆದವರ ಕಣ್ಣು ಅದು.

ಸುಳಿ ಮಾತ್ರ ಸುಲಭಕ್ಕೆ ಸಿಕ್ಕುವುದಿಲ್ಲ. ಒಂದು ಚಿತ್ರದಲ್ಲಿ ಅದು ನೀರಿನ ಗುಂಡಿ, ಇನ್ನೊಂದರಲ್ಲಿ ಬಿಡಾರ, ಮತ್ತೊಂದರಲ್ಲಿ ಒಲೆ, ಗುಡ್ಡ, ಮರ, ಇರುವೆ ಗೂಡು. ಸುಳಿಯಿಂದ ಸುಳಿಗೆ ಎಳೆದ ಜೋಡಿಗೆರೆ ಸಾಮಾನ್ಯವಾಗಿ ನಡೆದ ದಾರಿ. ಪ್ರವಾಸಿ ಅಂಗಡಿಗಳಲ್ಲಿ ಈ ಗುರುತುಗಳ ಅರ್ಥ ಅಚ್ಚು ಹಾಕಿದ ಪಟ್ಟಿ ಮಾರುತ್ತಾರೆ. ಅದು ಉಪಯೋಗಕ್ಕೆ ಬಂದರೆ ಕಾಗುಣಿತ ಕಲಿತವನಿಗೆ ಪಂಪ ಅರ್ಥವಾದಷ್ಟು.

ಇನ್ನು ‘ಸೃಷ್ಟಿಕಥೆ’. ನಿಮ್ಮ ಮಗ ತಪ್ಪು ಹೇಳಲಿಲ್ಲ, ಆದರೆ ಪದ ಸಾಲದು. ಆ ಮರುಭೂಮಿಯ ವಾರ್ಲ್ಪಿರಿ ಎಂಬ ಭಾಷೆಯಲ್ಲಿ ಇದಕ್ಕೆ ಜುಕುರ್ಪಾ ಎನ್ನುತ್ತಾರೆ. ನೆರೆಯ ಭಾಷೆಗಳಲ್ಲಿ ಅದೇ ಪದ ಚೂರುಪಾರು ಬದಲಾಗುತ್ತದೆ, ಅರೆರ್ಂಟೆಯಲ್ಲಿ ಬೇರೆಯದೇ ಪದವಿದೆ. 1890ರ ದಶಕದಲ್ಲಿ ಇಬ್ಬರು ಬಿಳಿಯ ಸಂಶೋಧಕರು ಆ ಅರೆರ್ಂಟೆ ಪದವನ್ನು ಇಂಗ್ಲಿಷಿಗೆ ‘ಕನಸಿನ ಕಾಲ’ ಎಂದು ತಂದರು. ಆ ಅನುವಾದದ ಮಂಪರು ಇನ್ನೂ ಇಳಿದಿಲ್ಲ. ಜುಕುರ್ಪಾ ಕನಸೂ ಅಲ್ಲ, ಕಳೆದುಹೋದ ಕಾಲವೂ ಅಲ್ಲ. ಅದು ಹೇಳುವಂತೆ, ಪೂರ್ವಜರು ನೆಲದೊಳಗಿಂದ ಎದ್ದರು. ಮನುಷ್ಯರಾಗಿಯೂ ಪ್ರಾಣಿಗಳಾಗಿಯೂ ಮಳೆಯಾಗಿಯೂ ನಡೆದರು. ನಡೆದ ದಾರಿಯಲ್ಲಿ ಬೇಟೆಯಾಡಿದರು, ಜಗಳವಾಡಿದರು, ಹೆಸರಿಟ್ಟರು, ಹಾಡಿದರು. ಕೂತಲ್ಲಿ ಗುಂಡಿ ಬಿತ್ತು, ಮಲಗಿದಲ್ಲಿ ಗುಡ್ಡ ಎದ್ದಿತು. ಸುಸ್ತಾದಾಗ ಮತ್ತೆ ನೆಲದೊಳಗೆ ಹೋದರು, ಈಗಲೂ ಅಲ್ಲೇ ಇದ್ದಾರೆ. ಹೀಗೆ ನಡೆದುಕೊಳ್ಳಬೇಕು, ಇಂಥವರು ಇಂಥ ನೆಲಕ್ಕೆ ಹೊಣೆ ಎಂಬ ಕಟ್ಟಳೆಯೂ ಅದರೊಳಗೇ ಇದೆ. ನಮ್ಮಲ್ಲಿ ಇದಕ್ಕೆ ಹತ್ತಿರ ಬರುವ ಪದ ‘ಸ್ಥಳಪುರಾಣ’. ಆ ಸ್ಥಳಪುರಾಣವೇ ಊರಿನ ಕಾನೂನೂ ಆಗಿ, ಜಮೀನಿನ ಪಹಣಿಯೂ ಆಗಿದ್ದರೆ ಹೇಗೋ, ಹಾಗೆ.

ನೀವು ಶಿಕ್ಷಕಿಯಾಗಿದ್ದವರು. ಈ ಕಲೆ ಬಟ್ಟೆ, ಹಲಗೆಯ ಮೇಲೆ ಬಂದ ಬಗೆ ನಿಮಗೆ ಹಿಡಿಸೀತು, ಏಕೆಂದರೆ ಅದು ಶುರುವಾದದ್ದು ಒಂದು ಶಾಲೆಯ ಗೋಡೆಯಲ್ಲಿ.

ಆಸ್ಟ್ರೇಲಿಯಾ ಖಂಡದ ನಟ್ಟನಡುವಿನ ಪಟ್ಟಣ ಆಲಿಸ್ ಸ್ಪ್ರಿಂಗ್ಸ್. ಅಲ್ಲಿಂದ ಪಶ್ಚಿಮಕ್ಕೆ ಸುಮಾರು 240 ಕಿ.ಮೀ. ದೂರದಲ್ಲಿ ಪಪುನ್ಯ. ಪಿಂಟುಪಿ, ಲುರಿಜಾ, ವಾರ್ಲ್ಪಿರಿ, ಅನ್ಮಟ್ಯೆರೆ, ಅರೆರ್ಂಟೆ ಹೀಗೆ ಬೇರೆ ಬೇರೆ ಭಾಷೆಯ, ಬೇರೆ ಬೇರೆ ನೆಲದ ಜನರನ್ನು ತಂದು ಸರ್ಕಾರ ಒಂದೇ ಕಡೆ ಕೂರಿಸಿದ ಕಾಲನಿ ಅದು. ‘ನಮ್ಮಂತೆ ಬದುಕುವುದನ್ನು ಕಲಿಯಿರಿ’ ಎಂಬುದು ಆಗಿನ ಸರ್ಕಾರದ ನೀತಿ. ರೋಗ, ಸಾವು, ಊರು ಬಿಟ್ಟ ಸಂಕಟ. 1971ರಲ್ಲಿ ಅಲ್ಲಿಗೆ ಜೆಫ್ರಿ ಬಾರ್ಡನ್ ಎಂಬ ಎಳೆಯ ಡ್ರಾಯಿಂಗ್ ಮೇಷ್ಟ್ರು ಬಂದರು. ಮಕ್ಕಳು ಮರಳಿನಲ್ಲಿ ಬೆರಳಾಡಿಸಿ ಬರೆಯುವುದು ಒಂದು ಥರ, ತರಗತಿಯೊಳಗೆ ಕಾಗದದ ಮೇಲೆ ಬರೆಯುವುದು ಇನ್ನೊಂದು ಥರ ಎಂಬುದನ್ನು ಅವರು ಗಮನಿಸಿದರು. ಶಾಲೆಯ ಗೋಡೆಗೆ ಚಿತ್ರ ಬರೆಸೋಣ ಎಂದಾಗ ಮುಂದೆ ಬಂದವರು ಮಕ್ಕಳಲ್ಲ, ಊರಿನ ಹಿರಿಯ ಗಂಡಸರು.

ಬರೆಯಬೇಕಾದದ್ದು ಜೇನಿರುವೆಯ ಜುಕುರ್ಪಾ, ಏಕೆಂದರೆ ಪಪುನ್ಯ ಇರುವುದೇ ಜೇನಿರುವೆ ಪೂರ್ವಜನ ನೆಲದ ಮೇಲೆ. ನಮ್ಮ ಜಾಲಿಯ ಕುಲಕ್ಕೇ ಸೇರಿದ ಮುಲ್ಗಾ ಎಂಬ ಮರದ ಬುಡದಲ್ಲಿ, ನೆಲದಡಿ, ಈ ಇರುವೆಗಳ ಗೂಡು. ಗೂಡಿನ ಕೆಲವು ಇರುವೆಗಳು ಹೊಟ್ಟೆಯಲ್ಲಿ ಸಿಹಿ ತುಂಬಿಕೊಂಡು ದ್ರಾಕ್ಷಿಯಂತೆ ಊದಿ ಗೂಡಿನ ಸೂರಿಗೆ ಜೋತುಬಿದ್ದಿರುತ್ತವೆ, ಇಡೀ ಗೂಡಿಗೆ ಅವೇ ಉಗ್ರಾಣ. ಹೆಂಗಸರು ಆಳೆತ್ತರ ಅಗೆದು, ಒಂದೊಂದನ್ನೇ ತಲೆ ಹಿಡಿದು ತೆಗೆದು ಹೊಟ್ಟೆ ಚೀಪುತ್ತಾರೆ.

ಗೋಡೆಗೆ ಮೊದಲು ಬಿದ್ದದ್ದು ಕಾಲು, ಮೀಸೆ ಇರುವ, ಪಠ್ಯಪುಸ್ತಕದಂಥ ಇರುವೆ. ಬರೆದವರು ಕಾಪಾ ಜಾಂಪಿಜಿನ್ಪಾ. ಇದು ನಿಮ್ಮ ಇರುವೆಯೋ ಬಿಳಿಯರ ಇರುವೆಯೋ ಎಂದು ಬಾರ್ಡನ್ ಕೇಳಿದರು. ಹಿರಿಯರು ತಮ್ಮೊಳಗೆ ಮಾತಾಡಿಕೊಂಡರು. ಕಾಪಾ ಬಂದು ಆ ಇರುವೆಗಳನ್ನು ಅಳಿಸಿ, ತಮ್ಮವರ ಗುರುತನ್ನೇ ಬರೆದರು. ಈ ಕಲೆಯ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಗಳಿಗೆ ಇಲ್ಲವೆಂದು ನನ್ನ ಎಣಿಕೆ. ಅದೇ ವರ್ಷ ಆಲಿಸ್ ಸ್ಪ್ರಿಂಗ್ಸ್‌ನ ಸ್ಪರ್ಧೆಯಲ್ಲಿ ಕಾಪಾ ಅವರ ಚಿತ್ರ ಮೊದಲ ಬಹುಮಾನ ಹಂಚಿಕೊಂಡಿತು. ಗಂಡಸರು ಸಿಕ್ಕಿದ್ದರ ಮೇಲೆಲ್ಲ ಬರೆದರು: ಹಲಗೆ ಚೂರು, ಪೆಟ್ಟಿಗೆಯ ಪಟ್ಟಿ, ನೆಲದ ಟೈಲು. 1972ರಲ್ಲಿ ‘ಪಪುನ್ಯ ತುಲಾ’ ಎಂಬ ತಮ್ಮದೇ ಕಂಪನಿ ಕಟ್ಟಿದರು. ಅದು ಇವತ್ತಿಗೂ ಮೂಲನಿವಾಸಿಗಳ ಒಡೆತನದಲ್ಲೇ ಇದೆ. ಗೋಡೆಯ ಕಥೆ ಕೇಳಿದರೆ ನಿಮಗೆ ನಮ್ಮ ಇಲಾಖೆಗಳು ನೆನಪಾಗಬಹುದು. 1974ರಲ್ಲಿ ಅದಕ್ಕೆ ಸರ್ಕಾರಿ ಬಣ್ಣ ಬಳಿದು ಚಿತ್ರವನ್ನು ಮುಚ್ಚಿಬಿಟ್ಟರು.

ಈಗ ಚುಕ್ಕಿ.

ಚುಕ್ಕಿಯ ಮೂಲ ನೆಲದಲ್ಲೇ ಇದೆ. ಆಚರಣೆಗಾಗಿ ನೆಲ ಸಮಮಾಡಿ, ಗಿಡದ ನವಿರು ಹೂವನ್ನು ಕೊಚ್ಚಿ, ಕಾವಿ ಅಥವಾ ಬಿಳಿ ಜೇಡಿಯಲ್ಲಿ ಕಲಸಿ, ಪುಟ್ಟ ಪುಟ್ಟ ತುಪ್ಪುಳದಂತೆ ಒತ್ತೊತ್ತಾಗಿ ಇಟ್ಟು ದೊಡ್ಡ ಮಂಡಲ ಮಾಡುತ್ತಿದ್ದರು. ಮೈಮೇಲೆ ಬರೆದುಕೊಳ್ಳುವ ಗೆರೆಗಳ ಅಂಚಿಗೂ ಚುಕ್ಕಿ ಇಡುತ್ತಿದ್ದರು. ಆಚರಣೆ ಮುಗಿಯುವಷ್ಟರಲ್ಲಿ ಕುಣಿಯುವವರ ಕಾಲಡಿ ಮಂಡಲ ಅಳಿಸಿಹೋಗುತ್ತಿತ್ತು. ನಿಮ್ಮ ಕಡೆಯ ನಾಗಮಂಡಲವನ್ನು ಬೆಳಗಿನ ಜಾವದವರೆಗೆ ಕೂತು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೋಲಿಕೆಯನ್ನು ಅಷ್ಟಕ್ಕೇ ಬಿಡುತ್ತೇನೆ, ನಂಟು ಕಲ್ಪಿಸುವ ಚಪಲ ಬೇಡ.

ಹಲಗೆಯ ಮೇಲೆ ಬರೆದಾಗ ತೊಡಕು ಬಂತು. ಹಲಗೆ ಅಳಿಸುವುದಿಲ್ಲ, ಊರೂರು ತಿರುಗುತ್ತದೆ. ಮೊದಲ ಒಂದೆರಡು ವರ್ಷದ ಚಿತ್ರಗಳಲ್ಲಿ, ದೀಕ್ಷೆಯಾದ ಗಂಡಸರು ಮಾತ್ರ ನೋಡಬೇಕಾದ ವಸ್ತುಗಳು, ಆಚರಣೆಗಳು ಎದ್ದು ಕಾಣುವಂತಿದ್ದವು. ಅವು ಪೇಟೆಯ ಅಂಗಡಿಯಲ್ಲಿ ತೂಗಿದಾಗ ಬೇರೆ ಮರುಭೂಮಿ ಪಂಗಡಗಳ ಹಿರಿಯರು ಕೆರಳಿದರು: ಹೆಂಗಸರು ಮಕ್ಕಳು ನೋಡಬಾರದ್ದನ್ನು ಬೀದಿಗಿಟ್ಟಿರಲ್ಲ! ಆಮೇಲೆ ಪಪುನ್ಯದವರು ಕೆಲವನ್ನು ಬರೆಯುವುದನ್ನೇ ಬಿಟ್ಟರು, ಕೆಲವನ್ನು ಸರಳಗೊಳಿಸಿದರು, ಉಳಿದದ್ದರ ಮೇಲೆ ಚುಕ್ಕಿಯ ಪರದೆ ಎಳೆದರು. ಡಾರ್ವಿನ್‌ನ ವಸ್ತುಸಂಗ್ರಹಾಲಯದಲ್ಲಿ ಆ ಕಾಲದ 200ಕ್ಕೂ ಹೆಚ್ಚು ಹಲಗೆಗಳಿವೆ. 2017ರಲ್ಲಿ ಪ್ರದರ್ಶನ ಮಾಡುವಾಗ ಹಿರಿಯರನ್ನು ಕೇಳಿ, ಕೆಲವನ್ನು ಹೊರಗೆ ತರದೆ ಉಳಿಸಿಕೊಂಡರು.

ರಂಗೋಲಿಯ ಬಗ್ಗೆ ಕೇಳಿದಿರಿ. ನಮ್ಮಲ್ಲಿ ಚುಕ್ಕಿ ಮೊದಲು, ಗೆರೆ ಆಮೇಲೆ; ಚುಕ್ಕಿಯೇ ಗೆರೆಗೆ ದಾರಿ ತೋರುತ್ತದೆ. ಅಲ್ಲಿ ಕಪ್ಪು ಅಥವಾ ಕೆಮ್ಮಣ್ಣಿನ ಬಣ್ಣದ ತಳ ಬಳಿದು, ಸುಳಿ, ದಾರಿ, ಹೆಜ್ಜೆ ಎಲ್ಲ ಬರೆದಾದ ಮೇಲೆ, ಕಟ್ಟಕಡೆಗೆ ಕಡ್ಡಿಯ ತುದಿಯಿಂದಲೋ ಕೂದಲು ಕತ್ತರಿಸಿದ ಕುಂಚದಿಂದಲೋ ಚುಕ್ಕಿ. ಲೆಕ್ಕ ಹಾಕುವುದಿಲ್ಲ. ದೊಡ್ಡ ಚಿತ್ರವಾದರೆ ಮನೆಮಂದಿ ಸುತ್ತ ಕೂತು ದಿನಗಟ್ಟಲೆ ತುಂಬುತ್ತಾರೆ. ಮುಚ್ಚಲು ಬಂದ ಚುಕ್ಕಿಗೆ ಬೇರೆ ಗುಣವೂ ಅಂಟಿಕೊಂಡಿತು: ಎರಡು ಬಣ್ಣ ಒತ್ತೊತ್ತಾಗಿ ಕೂತರೆ ಬಿಸಿಲಿಗೆ ನೆಲ ಕಂಪಿಸಿದಂತೆ ಚಿತ್ರ ಮಿಣುಗುತ್ತದೆ. ಕೊಳ್ಳುವವರೂ ಚುಕ್ಕಿ ಎಲ್ಲಿ ಎಂದೇ ಕೇಳತೊಡಗಿದರು.

ಆದರೆ ಚುಕ್ಕಿಯೇ ಈ ಕಲೆಯ ಜೀವ ಎಂದುಕೊಂಡರೆ ಎಮಿಲಿ ಕಾಮೆ ಉಂಗ್ವಾರೆ ಅದು ತಪ್ಪೆಂದು ತೋರಿಸುತ್ತಾರೆ. ಯುಟೋಪಿಯಾ ಎಂಬ ಪ್ರದೇಶದ ಈಕೆ 1977ರಲ್ಲಿ ಬಾಟಿಕ್ ಕಲಿತರು. ಕ್ಯಾನ್ವಾಸ್ ಮುಟ್ಟಿದ್ದು 1988ರ ಹೊತ್ತಿಗೆ, ಎಂಬತ್ತರ ಹತ್ತಿರದ ವಯಸ್ಸಿನಲ್ಲಿ. 1996ರಲ್ಲಿ ತೀರಿಕೊಳ್ಳುವ ಮುಂಚೆ ಸುಮಾರು 3,000 ಚಿತ್ರ ಬರೆದರು. ಅವರ ಹೆಸರಿನ ‘ಕಾಮೆ’ ಎಂದರೆ ಅಲ್ಲಿಯ ಒಂದು ಗೆಣಸಿನ ಬೀಜ. ಸಸ್ಯಶಾಸ್ತ್ರದ ಪ್ರಕಾರ ಅದು ನಮ್ಮ ಹೆಸರು, ಉದ್ದುಗಳ ದಾಯಾದಿ. ಅದೇ ಗೆಣಸಿನ ಜುಕುರ್ಪಾವನ್ನು 1995ರಲ್ಲಿ ಎಂಟು ಮೀಟರ್ ಅಗಲದ ಕಪ್ಪು ಬಟ್ಟೆಯ ಮೇಲೆ ಬಿಳಿ ಗೆರೆಯಲ್ಲಿ ಬರೆದರು. ನೆಲದಡಿಯ ಬೇರುಗಳಂತೆ ಗೆರೆ ಒಂದರ ಮೇಲೊಂದು ಹಾಯುತ್ತ, ತಿರುಗುತ್ತ, ಮುಗಿಯುವುದೇ ಇಲ್ಲ. ಅದರಲ್ಲಿ ಒಂದೇ ಒಂದು ಚುಕ್ಕಿಯಿಲ್ಲ. ಅದು ಮೆಲ್ಬರ್ನ್‌ನ ನ್ಯಾಷನಲ್ ಗ್ಯಾಲರಿ ಆಫ್ ವಿಕ್ಟೋರಿಯಾದ ಸಂಗ್ರಹದಲ್ಲಿದೆ. ಮಗನಿಗೆ ವಿಚಾರಿಸಲು ಹೇಳಿ.

ಕಥೆ ಬೇಕೇ ಬೇಕು ಎಂದಿರಾದರೆ ಒಂದನ್ನು ಹೇಳುತ್ತೇನೆ, ಬಹಿರಂಗವಾಗಿ ಹೇಳಬಹುದಾದಷ್ಟು. ಲುಂಗ್ಕಟಾ ಎಂಬ ಪೂರ್ವಜ, ನೀಲಿ ನಾಲಗೆಯ ಹಾವುರಾಣಿ. ವಯಸ್ಸಾಗಿತ್ತು. ಇಬ್ಬರು ಗಂಡುಮಕ್ಕಳು ಬೇಟೆಯಾಡಿ ತರುವುದನ್ನು ನಂಬಿ ಕೂತಿದ್ದ. ಅವರು ಒಂದು ಕಾಂಗರೂ ಹೊಡೆದು, ಅಪ್ಪನಿಗೆ ಚೂರೂ ಇಡದೆ ತಿಂದು ಮುಗಿಸಿದರು. ಮುದುಕನಿಗೆ ಗೊತ್ತಾಯಿತು. ಕೊಳ್ಳಿ ಊದಿ ಪೊದೆಗೆ ಹಚ್ಚಿದ. ಬೆಂಕಿ ಮಕ್ಕಳ ಬೆನ್ನು ಹತ್ತಿತು. ಬಡಿದು ಆರಿಸಿದಷ್ಟೂ ಮತ್ತೆ ಎದ್ದಿತು, ಕೊನೆಗೆ ಇಬ್ಬರನ್ನೂ ಸುಟ್ಟಿತು. ಬೆಂಕಿ ಎದ್ದ ಜಾಗ ವಾರ್ಲುಗುಲೊಂಗ್.

ಇದೇ ಕಥೆಯನ್ನು ಇಟ್ಟುಕೊಂಡು ಕ್ಲಿಫರ್ಡ್ ಪಾಸಮ್ ಜಪಲ್ಜಾರಿ ಎಂಬ ಕಲಾವಿದ 1977ರಲ್ಲಿ ಬರೆದ ‘ವಾರ್ಲುಗುಲೊಂಗ್’ ಎರಡು ಮೀಟರ್ ಎತ್ತರ, ಮೂರು ಮೀಟರಿಗೂ ಮಿಕ್ಕಿ ಅಗಲ. ಅಣ್ಣತಮ್ಮಂದಿರ ಎರಡು ಅಸ್ಥಿಪಂಜರಗಳು ಅದರಲ್ಲಿವೆ. ಅವುಗಳ ಸುತ್ತ ಬೂದಿ, ಹೊಗೆ, ಸುಟ್ಟ ಹುಲ್ಲಿನ ಬಣ್ಣಗಳು ಮೋಡದಂತೆ ಕವಿದಿವೆ. ಅಷ್ಟೇ ಆಗಿದ್ದರೆ ಅದೊಂದು ಕಥಾಚಿತ್ರ. ಆದರೆ ಪಾಸಮ್ ಅದೇ ಬಟ್ಟೆಯ ಮೇಲೆ ಬೇರೆ ಪೂರ್ವಜರನ್ನೂ ನಡೆಸಿದ್ದಾರೆ. ಎಮುವಿನ ಹೆಜ್ಜೆ ಒಂದು ದಿಕ್ಕಿಗೆ, ಕಾಂಗರೂ ಇನ್ನೊಂದಕ್ಕೆ, ಹೆಂಗಸರು ಕುಣಿಯುತ್ತ ಸಾಗಿದ ದಾರಿ ಮತ್ತೊಂದು ಕಡೆಗೆ. ದಾರಿಗಳು ಕೂಡುವಲ್ಲೆಲ್ಲ ಒಂದೊಂದು ನಿಜವಾದ ಸ್ಥಳ. ಇದನ್ನು ಒಬ್ಬ ಸರ್ವೇಯರ್ ತನ್ನ ಮನೆತನದ ನೆಲಕ್ಕೆ ಮಾಡಿದ ನಕ್ಷೆಯೆಂದು ಓದುವುದೇ ಸರಿ. ಒಂದೇ ವ್ಯತ್ಯಾಸ, ಇದಕ್ಕೆ ಉತ್ತರ ದಿಕ್ಕು ಮೇಲಿರಬೇಕೆಂಬ ನಿಯಮವಿಲ್ಲ. ಬಟ್ಟೆಯನ್ನು ನೆಲಕ್ಕೆ ಹಾಸಿ, ಸುತ್ತಲೂ ಸರಿಯುತ್ತ ಬರೆದದ್ದರಿಂದ ಪ್ರತಿ ದಾರಿಗೂ ಅದರದೇ ‘ಮೇಲೆ’.

‘ಮನೆತನದ’ ಎಂದೆ. ಮಾತಿಗೆ ಹೇಳಿದ್ದಲ್ಲ. ಯಾರು ಬೇಕಾದರೂ ಯಾವ ಜುಕುರ್ಪಾ ಬೇಕಾದರೂ ಬರೆಯುವಂತಿಲ್ಲ. ವಾರ್ಲ್ಪಿರಿಗಳಲ್ಲಿ ತಂದೆಯ ಕಡೆಯಿಂದ ಬಂದ ನೆಲಕ್ಕೆ ನೀವು ‘ಕಿರ್ದಾ’, ಒಡೆಯರು. ತಾಯಿಯ ಕಡೆಯ ನೆಲಕ್ಕೆ ‘ಕುರ್ದುಂಗುರ್ಲು’, ಮೇಲ್ವಿಚಾರಕರು. ಒಡೆಯ ಬರೆಯುತ್ತಾನೆ, ಸರಿಯಾಗಿ ಬರೆದನೇ, ಮಿತಿ ಮೀರಿದನೇ ಎಂದು ನೋಡುವವರು ಮೇಲ್ವಿಚಾರಕರು. ಜಪಲ್ಜಾರಿ, ಜಾಂಪಿಜಿನ್ಪಾ ಎಂಬ ಉದ್ದುದ್ದ ಪದಗಳೂ ಅಡ್ಡಹೆಸರಲ್ಲ. ಎಂಟು ಗುಂಪುಗಳಿವೆ. ಗಂಡಸರ ಹೆಸರು ‘ಜ’ಕಾರದಿಂದ, ಅದೇ ಗುಂಪಿನ ಹೆಂಗಸರದು ‘ನ’ಕಾರದಿಂದ: ಅಣ್ಣ ಜಪಲ್ಜಾರಿ, ತಂಗಿ ನಪಲ್ಜಾರಿ. ಯಾರು ಯಾರನ್ನು ಮದುವೆಯಾಗಬಹುದು, ಯಾರ ಮಕ್ಕಳು ಯಾವ ಗುಂಪು ಎಂಬುದೆಲ್ಲ ಅದರಲ್ಲೇ ತೀರ್ಮಾನ. ಬಳಿ ಕೇಳಿ ಸಂಬಂಧ ನೋಡುವ ಊರಿನವರಿಗೆ ಇದು ವಿಚಿತ್ರವೆನಿಸಲಾರದು.

ಪಹಣಿ ಎಂದದ್ದೂ ಬರೀ ಉಪಮೆಯಲ್ಲ. ಪಶ್ಚಿಮ ಆಸ್ಟ್ರೇಲಿಯಾದ ಗ್ರೇಟ್ ಸ್ಯಾಂಡಿ ಮರುಭೂಮಿಯ ಜನ ತಮ್ಮ ನೆಲದ ಹಕ್ಕಿಗಾಗಿ ಅರ್ಜಿ ಹಾಕಿದ್ದರು. ಇಂಗ್ಲಿಷಿನಲ್ಲಿ ಸಾಕ್ಷ್ಯ ಹೇಳುವುದು ಅವರಿಗೆ ಕಷ್ಟ. 1997ರಲ್ಲಿ ನಲವತ್ತಕ್ಕೂ ಹೆಚ್ಚು ಮಂದಿ ಸೇರಿ ಸುಮಾರು 10 ಮೀಟರ್ ಉದ್ದ, 8 ಮೀಟರ್ ಅಗಲದ ಒಂದೇ ಬಟ್ಟೆಯ ಮೇಲೆ ತಮ್ಮ ನೀರಿನ ಗುಂಡಿಗಳನ್ನೆಲ್ಲ ಬರೆದರು. ವಿಚಾರಣೆಗೆ ಬಂದ ಅಧಿಕಾರಿಗಳ ಮುಂದೆ ಅದನ್ನು ಹಾಸಿ, ಒಬ್ಬೊಬ್ಬರೂ ತಾವು ಬರೆದ ಜಾಗದ ಮೇಲೆ ಹೋಗಿ ನಿಂತು, ಇದು ನನ್ನದು ಎಂದು ತಮ್ಮ ಭಾಷೆಯಲ್ಲಿ ಹೇಳಿದರು. ‘ಙುರ್ರಾರ ಕ್ಯಾನ್ವಾಸ್’ ಎಂದು ಅದರ ಹೆಸರು. 2007ರಲ್ಲಿ ಹಕ್ಕು ಸಿಕ್ಕಿತು.

ಹಾಗಾದರೆ ಹಳೆಯದೋ ಹೊಸದೋ? ಗುರುತುಗಳು, ಕಥೆ, ಬರೆಯುವ ಹಕ್ಕು ಅಜ್ಜನ ಅಜ್ಜನ ಕಾಲದ್ದು. ಬಟ್ಟೆ, ಆಕ್ರಿಲಿಕ್, ಕೊನೆಗೆ ‘ಚಿತ್ರ’ವೆಂಬ ಕಲ್ಪನೆಯೂ ಈ ಕಲೆಗೆ ಬಂದದ್ದು 1971ರಿಂದೀಚೆಗೆ. ಅಂಗಡಿಯ ಬಣ್ಣದಿಂದ ಜುಕುರ್ಪಾ ಕೆಡುತ್ತದೆಂದು ಅಲ್ಲಿ ಯಾರೂ ಕೊರಗುವುದಿಲ್ಲ. ಆ ಕೊರಗು ನಮ್ಮಂಥ ಹೊರಗಿನವರದು. 1984ರಲ್ಲಿ ಯುವೆಂದುಮು ಎಂಬ ಊರಿನ ಹಿರಿಯರು ಶಾಲೆಯ 30 ಬಾಗಿಲುಗಳ ಮೇಲೆ ಆಕ್ರಿಲಿಕ್‌ನಲ್ಲೇ ಜುಕುರ್ಪಾ ಬರೆದರು, ಓದಲು ಹೋಗುವ ಮಕ್ಕಳಿಗೆ ತಮ್ಮ ಕಟ್ಟಳೆ ಮರೆಯದಿರಲಿ ಎಂದು.

ಇನ್ನೊಂದು ಕಥೆಗೆ ನೀವು ಆಸ್ಟ್ರೇಲಿಯಾಕ್ಕೆ ಹೋಗಬೇಕಿಲ್ಲ, ಅಂಗಳಕ್ಕೆ ಬಂದರೆ ಸಾಕು. ಏಳು ಅಕ್ಕತಂಗಿಯರು, ಅವರ ಬೆನ್ನು ಬಿದ್ದ ನ್ಯಿರು ಎಂಬ ಗಂಡಸು. ಅವರನ್ನು ಹಿಡಿಯಲು ಅವನು ಮರವಾಗುತ್ತಾನೆ, ಹಾವಾಗುತ್ತಾನೆ. ಅವರು ಮರುಭೂಮಿಯ ಉದ್ದಕ್ಕೂ ಓಡಿ ಕೊನೆಗೆ ಆಕಾಶಕ್ಕೆ ಹಾರುತ್ತಾರೆ. ಅವನು ಅಲ್ಲಿಗೂ ಬಂದ. ಆ ಅಕ್ಕತಂಗಿಯರು ನಮ್ಮ ಕೃತ್ತಿಕೆ. ಅವನಿರುವುದು ನಾವು ಮಹಾವ್ಯಾಧ ಎನ್ನುವ ನಕ್ಷತ್ರಪುಂಜದಲ್ಲಿ. ಡಿಸೆಂಬರ್ ರಾತ್ರಿ ನಿಮ್ಮ ತೆಂಗಿನ ಮರಗಳ ಮೇಲೆ ಅದೇ ಅಟ್ಟಾಟ ನಡೆದಿರುತ್ತದೆ.

ದುಡ್ಡಿನ ವಿಷಯ ನೀವು ಕೇಳಲಿಲ್ಲ, ಆದರೂ ಹೇಳಬೇಕು. ‘ವಾರ್ಲುಗುಲೊಂಗ್’ ಚಿತ್ರವನ್ನು ಒಂದು ಬ್ಯಾಂಕು 1,200 ಡಾಲರಿಗೆ ಕೊಂಡು ತನ್ನ ತರಬೇತಿ ಕೇಂದ್ರದ ಕ್ಯಾಂಟೀನಿನಲ್ಲಿ ತೂಗುಹಾಕಿತ್ತು. 2007ರಲ್ಲಿ ಅದೇ ಚಿತ್ರ ಹರಾಜಿನಲ್ಲಿ 24 ಲಕ್ಷ ಡಾಲರಿಗೆ ಹೋಯಿತು. ಪಾಸಮ್ 2002ರಲ್ಲೇ ತೀರಿಕೊಂಡಿದ್ದರು. ಮಾರಿದವರು ಅವರ ಮನೆಯವರಿಗೆ ಒಂದು ಡಾಲರನ್ನೂ ಕೊಡಬೇಕಾಗಿರಲಿಲ್ಲ, ಏಕೆಂದರೆ ಆಗ ಕಾನೂನಿರಲಿಲ್ಲ. 2010ರಿಂದ, ಸಾವಿರ ಡಾಲರ್ ಅಥವಾ ಮೇಲ್ಪಟ್ಟ ಮರುಮಾರಾಟದಲ್ಲಿ ಶೇ. 5ರಷ್ಟು ಕಲಾವಿದರಿಗೆ ಅಥವಾ ಅವರ ವಾರಸುದಾರರಿಗೆ ಸೇರಬೇಕೆಂಬ ನಿಯಮ ಬಂದಿದೆ. ತಡವಾಯಿತು, ಅಷ್ಟೇ ಅಲ್ಲ, ಕಡಿಮೆಯೂ ಆಯಿತು ಎನ್ನುವವನು ನಾನು. ಇನ್ನು ನಕಲಿನ ಕಾಟ. ಪ್ರವಾಸಿಗರಿಗೆ ಮಾರುವ ಚುಕ್ಕಿ ಸಾಮಾನುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮೂಲನಿವಾಸಿಗಳು ಮಾಡಿದ್ದಲ್ಲ ಎಂದು ಅಲ್ಲಿಯ ಸರ್ಕಾರದ ಆಯೋಗವೇ 2022ರಲ್ಲಿ ಹೇಳಿತು. ಇಂಡೊನೇಷ್ಯಾದಲ್ಲಿ ಮಾಡಿಸಿದ ಬೂಮರಾಂಗುಗಳನ್ನು ಮೂಲನಿವಾಸಿಗಳದ್ದೆಂದು ಮಾರಿದ ಒಂದು ಕಂಪನಿಗೆ 2019ರಲ್ಲಿ ನ್ಯಾಯಾಲಯ 23 ಲಕ್ಷ ಡಾಲರ್ ದಂಡ ಹಾಕಿತು.

ಕೊನೆಗೆ ಒಂದು ಮಾತು ಕೇಳುತ್ತೇನೆ, ನಿಮ್ಮ ಚಿತ್ರವನ್ನು ಯಾವ ಕಡೆ ಮೇಲೆ ಮಾಡಿ ತೂಗುಹಾಕಿದ್ದೀರಿ? ಒಮ್ಮೆ ಗೋಡೆಯಿಂದ ಇಳಿಸಿ ನೆಲದ ಮೇಲಿಡಿ. ಸುತ್ತ ಒಂದು ಸುತ್ತು ಬನ್ನಿ, ಆ ನಾಲ್ಕು ಹೆಂಗಸರ ಪೈಕಿ ಒಬ್ಬೊಬ್ಬರ ಹಿಂದೆ ನಿಂತಂತೆ ನೋಡಿ. ಆಮೇಲೆ ಬೋರಲು ಮಾಡಿ. ಸಮುದಾಯದ ಕಲಾಕೇಂದ್ರದಿಂದ ಬಂದದ್ದಾದರೆ ಹಿಂಬದಿಯಲ್ಲಿ ಬರೆದವರ ಹೆಸರು, ಕೇಂದ್ರದ ಹೆಸರು, ಒಂದು ಸಂಖ್ಯೆ ಇರುತ್ತದೆ. ಜೊತೆಗೆ ಕೊಟ್ಟ ಪ್ರಮಾಣಪತ್ರದಲ್ಲಿ ಯಾವ ಜುಕುರ್ಪಾ, ಯಾವ ಜಾಗ ಎಂದು ನಾಲ್ಕು ಸಾಲು. ಇದ್ದರೆ ಅದರದ್ದೂ ಒಂದು ಫೋಟೋ ಕಳಿಸಿ. ಹೆಸರು ‘ನ’ಕಾರದಿಂದ ಶುರುವಾಗುವುದೋ ‘ಜ’ಕಾರದಿಂದಲೋ ಎಂದು ನೋಡುವ ಕುತೂಹಲ ನನಗೆ.